ಮೂರು ವಿಮಾನ, 19 ವರ್ಷ: ಮುಂದಿನ ಸೀಟಿನಲ್ಲಿ ಕೂತವನ ವಿಮರ್ಶೆ

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಬೋಯಿಂಗ್ 737-800ರಲ್ಲಿ ಆರು ವರ್ಷ, ಕೋ-ಪೈಲಟ್ ಆಗಿ. ಪ್ರೊಪೆಲ್ಲರ್ ಇರುವ ಎಟಿಆರ್ 72ರಲ್ಲಿ ಆರು ವರ್ಷ, ಕ್ಯಾಪ್ಟನ್ ಆಗಿದ್ದು ಅಲ್ಲೇ. ಏರ್‌ಬಸ್ ಎ320ಯಲ್ಲಿ ಏಳು ವರ್ಷ, ಅದು ಇನ್ನೂ ನಡೆಯುತ್ತಿದೆ. ಯಾವುದನ್ನೂ ನಾನು ಕಾಸು ಕೊಟ್ಟು ಕೊಂಡಿಲ್ಲ, ಸಂಬಳ ಕೊಟ್ಟು ಕೂರಿಸಿದ್ದಾರೆ. ಹಾಗಾಗಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನುವ ಮಾತು ಇಲ್ಲಿ ಬರುವುದಿಲ್ಲ.

ಊರು ಮಂಡ್ಯದ ಕಡೆ, ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಈಗೆಲ್ಲ ಕಂಪ್ಯೂಟರೇ ಓಡಿಸುತ್ತಂತೆ, ನಿಮಗೇನು ಕೆಲಸ ಸಾರ್?" ಪಾಯಸ ಬರುವುದರೊಳಗೆ ಹೇಳಿ ಮುಗಿಸುವ ಉತ್ತರವಲ್ಲ ಅದು.

737 ಮೊದಲು ಹಾರಿದ್ದು 1967ರಲ್ಲಿ. 800 ಮಾದರಿ ಬಹಳ ಆಮೇಲಿನದು, ಎದುರಿಗೆ ಸ್ಕ್ರೀನ್‌ಗಳಿವೆ. ಆದರೆ ತಲೆ ಎತ್ತಿ ಮೇಲಿನ ಪ್ಯಾನೆಲ್ ನೋಡಿದರೆ ಗೊತ್ತಾಗುತ್ತೆ, ಹಳೇ ಮನೆಗೆ ಸುಣ್ಣ ಬಳಿದಿದ್ದಾರೆ ಅಂತ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಏಸಿ ಪ್ಯಾಕ್‌ಗಳನ್ನು ಆಫ್ ಮಾಡಬೇಕು. ಸ್ಟಾರ್ಟ್ ಸ್ವಿಚ್ ತಿರುಗಿಸಬೇಕು. ಎಂಜಿನ್ ತಿರುಗುವ ವೇಗ 25 ಪರ್ಸೆಂಟ್ ಮುಟ್ಟುವವರೆಗೆ ಕಾದು ಇಂಧನದ ಲಿವರ್ ಎತ್ತಬೇಕು. ಆಮೇಲೆ ಜನರೇಟರ್‌ಗಳನ್ನೂ ಕೈಯಲ್ಲೇ ಲೈನಿಗೆ ಹಾಕಬೇಕು. ಎ320ಯಲ್ಲಿ ಒಂದು ಗುಂಡಿ ತಿರುಗಿಸಿ ಒಂದು ಸ್ವಿಚ್ ಎತ್ತಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ಮಾಡಿಕೊಳ್ಳುತ್ತೆ. ನಾವು ಮೀಟರ್ ನೋಡುತ್ತಾ ಸುಮ್ನೆ ಕೂರಬೇಕು.

737ರ ಒಳಗೆ ಗಾಳಿಯ ಸದ್ದೂ ಜಾಸ್ತಿ. ಅದರ ಜೊತೆಗೆ ಮೊಣಕಾಲಿನ ಪಕ್ಕದಲ್ಲಿ ಒಂದು ದೊಡ್ಡ ಟ್ರಿಮ್ ಚಕ್ರ, ಮೂತಿಯ ಏರಿಳಿತವನ್ನು ಸಮ ಮಾಡುವಂಥದ್ದು. ಕಪ್ಪು ಚಕ್ರದ ಮೇಲೆ ಬಿಳಿ ಗೆರೆ. ಆಟೋಪೈಲಟ್ ಅದನ್ನು ತಿರುಗಿಸಿದಾಗಲೆಲ್ಲ ಟರ್ರ್ ಟರ್ರ್ ಅನ್ನುತ್ತೆ. ಮೊದಲ ತಿಂಗಳು ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಅದೇ ಉಪಕಾರ ಅನ್ನಿಸಿತು. ಕಿಟಕಿಯಾಚೆ ನೋಡುತ್ತಿದ್ದರೂ, ಚಾರ್ಟ್ ಓದುತ್ತಿದ್ದರೂ, ವಿಮಾನದ ಮೂತಿ ಏಳುತ್ತಿದೆಯೋ ಇಳಿಯುತ್ತಿದೆಯೋ, ಏನೋ ಆಗುತ್ತಿದೆ ಅಂತ ಕಿವಿಗೆ ಗೊತ್ತಾಗುತ್ತಿತ್ತು. ಎಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳೂ ಅಷ್ಟೆ. ಆ ಕೆಲಸ ತಾನಾಗಿ ಮಾಡುವ ಆಟೋಥ್ರಾಟಲ್ ಪವರ್ ಇಳಿಸಿದರೆ ಲಿವರ್ ತಾನೇ ಹಿಂದಕ್ಕೆ ಬಂದು ಅಂಗೈಯನ್ನು ತಳ್ಳುತ್ತೆ. ವಿಮಾನವನ್ನು ಏರಿಸಿ ಇಳಿಸಿ ವಾಲಿಸಲು ಮುಂದೆ ಇರುವ ಎರಡು ಕಂಟ್ರೋಲ್ ಕಂಬಗಳು ಒಂದಕ್ಕೊಂದು ಜೋಡಿಸಿದಂಥವು. ಕ್ಯಾಪ್ಟನ್ ಎಳೆದರೆ ನನ್ನ ಕಡೆಯದು ನನ್ನ ಹೊಟ್ಟೆಗೆ ಬರುತ್ತೆ. ಅವರು ಏನು ಮಾಡುತ್ತಿದ್ದಾರೆ ಅಂತ ಕೇಳುವ ಅಗತ್ಯವೇ ಇಲ್ಲ.

ಊಟ ಮಾತ್ರ ಗೋಳು. ಕಂಬ ಎದುರಿಗಿರುವುದರಿಂದ ತಟ್ಟೆ ತೊಡೆಯ ಮೇಲೆ. ಸಾಂಬಾರ್ ಚೆಲ್ಲಿದ ಪ್ಯಾಂಟುಗಳ ಲೆಕ್ಕ ಮನೆಯವಳ ಹತ್ತಿರ ಇದೆ. ಸೀಟಿನದು ಬೇರೆ ಕಥೆ. ನನ್ನ ಹಳೆಯ ಕಂಪನಿಯ ಒಂದು ವಿಮಾನದಲ್ಲಿ ಬಲಗಡೆ ಸೀಟಿನ ಬೆನ್ನು ನಿಲ್ಲುತ್ತಲೇ ಇರಲಿಲ್ಲ. ಲಾಗ್‌ನಲ್ಲಿ ಬರೆದೆವು, ಮತ್ತೆ ಬರೆದೆವು. ಕೊನೆಗೆ ದಿಂಬು ಒಯ್ಯುವುದು ರೂಢಿಯಾಯಿತು. ಈ ತಪ್ಪಿಗೆ ಬೋಯಿಂಗ್‌ನ ಅಂಕ ಕಳೆಯುವುದು ಸರಿಯಲ್ಲ, ಆದರೆ ನನ್ನ ಸೊಂಟ ಇವತ್ತಿಗೂ ಒಪ್ಪುವುದಿಲ್ಲ.

ಎಟಿಆರ್ ಬಗ್ಗೆ ಮೈಸೂರಿನವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1740 ಮೀಟರ್ ಅಷ್ಟೆ. ಅಲ್ಲಿಗೆ ಹೇಳಿ ಮಾಡಿಸಿದ ವಿಮಾನ ಇದು. ಪೂರ್ವದಿಂದ ಇಳಿಯಲು ಬಂದರೆ ಬಲಗಡೆ ಚಾಮುಂಡಿ ಬೆಟ್ಟ. ಎಷ್ಟು ಸಲ ಬಂದರೂ ಒಂದು ಕಣ್ಣು ಆ ಕಡೆ ಹೋಗೇ ಹೋಗುತ್ತೆ. 600 ಮಾದರಿಯಲ್ಲಿ ಐದು ಸ್ಕ್ರೀನ್‌ಗಳಿವೆ, ನೋಡಲು ಹೊಸದು. ಓಡಿಸಲು ಮಾತ್ರ ಹಳೇ ಕಾಲದ್ದು. ಪವರ್ ಕೊಟ್ಟರೆ ಮೂತಿ ಪಕ್ಕಕ್ಕೆ ಎಳೆಯುತ್ತೆ, ಕಾಲಲ್ಲಿ ಸರಿ ಮಾಡಬೇಕು. ತೆಗೆದರೆ ಮತ್ತೆ ಸರಿ ಮಾಡಬೇಕು. ಜೆಟ್‌ನಿಂದ ಬಂದವನಿಗೆ ಕಾಲು ಇರುವುದು ನೆನಪಾಗುವುದೇ ಇಲ್ಲಿ. ಏಪ್ರಿಲ್ ಮಧ್ಯಾಹ್ನ ಮೋಡದ ಕೆಳಗೆ ಮಂಡ್ಯದ ಗದ್ದೆಗಳ ಮೇಲೆ ಕುಲುಕಾಡಿಕೊಂಡು ಬರುವಾಗ ಬೆವರು ಕಿತ್ತು ಬರುತ್ತೆ.

ಹತ್ತುವಾಗ ಜನ ಕೇಳುತ್ತಿದ್ದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಫ್ಯಾನ್ ನಿಂತಿದೆ, ಎಂಜಿನ್ ಸದ್ದು ಯಾಕೆ ಬರುತ್ತಿದೆ? ಈ ವಿಮಾನದ ಬಾಲದಲ್ಲಿ ಜೆಟ್‌ಗಳಿಗೆ ಇರುವ ಸಣ್ಣ ಎಂಜಿನ್ ಇಲ್ಲ. ಅದರ ಬದಲು ಬಲಗಡೆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತೇವೆ, ಕರೆಂಟ್‌ಗೆ ಮತ್ತು ತಣ್ಣನೆ ಗಾಳಿಗೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. ಕಾಫಿ ಸಿಗುತ್ತೆ ಅಂದುಕೊಳ್ಳಬೇಡಿ.

ಈಗ ಎ320. ಮೊದಲ ಹಾರಾಟ 1987ರ ಫೆಬ್ರವರಿಯಲ್ಲಿ. ಎದುರಿಗೆ ಕಂಬ ಇಲ್ಲ. ಕ್ಯಾಪ್ಟನ್‌ಗೆ ಎಡಗಡೆ, ಕೋ-ಪೈಲಟ್‌ಗೆ ಬಲಗಡೆ ಕಂಬದ ಕೆಲಸ ಮಾಡುವ ಒಂದು ಪುಟ್ಟ ಕೋಲು, ಸೈಡ್‌ಸ್ಟಿಕ್. ಎದುರಿಗೆ ಎಳೆದುಕೊಳ್ಳುವ ಟೇಬಲ್ ಇದೆ! ಮನೆಯಿಂದ ಕಟ್ಟಿಸಿಕೊಂಡ ಚಿತ್ರಾನ್ನವನ್ನು 36,000 ಅಡಿ ಮೇಲೆ ಡಬ್ಬಿ ಬಿಚ್ಚಿಟ್ಟುಕೊಂಡು ತಿಂದ ಮೊದಲ ದಿನವೇ ಅರ್ಧ ಮನಸ್ಸು ಕೊಟ್ಟುಬಿಟ್ಟೆ. ಮೇಲಿನ ಪ್ಯಾನೆಲ್‌ನಲ್ಲಿ ಎಲ್ಲ ಸರಿ ಇದ್ದರೆ ಒಂದು ದೀಪವೂ ಉರಿಯುವುದಿಲ್ಲ. ಕತ್ತಲೆ ಅಂದರೆ ಕ್ಷೇಮ. ಏನಾದರೂ ಕೆಟ್ಟರೆ ಏನು ಕೆಟ್ಟಿದೆ, ಏನು ಮಾಡಬೇಕು ಅಂತ ಸ್ಕ್ರೀನ್ ಮೇಲೆ ಸಾಲಾಗಿ ಬರೆದು ತೋರಿಸುತ್ತೆ. ಸ್ಟಿಕ್ಕನ್ನು ಪೂರ್ತಿ ಒಂದು ಪಕ್ಕಕ್ಕೆ ಹಿಡಿದರೂ ವಿಮಾನ 67 ಡಿಗ್ರಿಗಿಂತ ಜಾಸ್ತಿ ವಾಲುವುದಿಲ್ಲ. ಟ್ರಿಮ್ ಅನ್ನುವುದನ್ನು ಮರೆತೇಬಿಡಬಹುದು. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವನಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ನನ್ನ ದೂರು ಬೇರೆ. ಇದು ಎಲ್ಲವನ್ನೂ ಕಣ್ಣಿಗೆ ಹೇಳುತ್ತೆ, ಕೈಗೆ ಏನೂ ಹೇಳುವುದಿಲ್ಲ.

ಆಟೋಥ್ರಸ್ಟ್ (ಆಟೋಥ್ರಾಟಲ್‌ಗೆ ಏರ್‌ಬಸ್ ಇಟ್ಟ ಹೆಸರು) ಇದ್ದಾಗ ಲಿವರ್‌ಗಳು ಕ್ಲೈಂಬ್ ಅನ್ನುವ ಖಾನೆಯಲ್ಲಿ ಕೂತುಬಿಡುತ್ತವೆ. ಎಂಜಿನ್ ಏರಲಿ, ಇಳಿಯಲಿ, ಅವು ಕದಲುವುದಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಎ320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ಸತ್ತರು. ನಾನಾಗ ಆರನೇ ಕ್ಲಾಸ್, ಪೇಪರಿನಲ್ಲಿ ಬಂದ ಫೋಟೊ ಇನ್ನೂ ಕಣ್ಣಲ್ಲಿದೆ. ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಪವರ್‌ನಲ್ಲೇ ಇದ್ದವು, ವೇಗ ಕುಸಿಯುತ್ತಿತ್ತು, ಪೈಲಟ್‌ಗಳಿಗೆ ಅದು ತಿಳಿಯುವಾಗ ತಡವಾಗಿತ್ತು. ಲಿವರ್ ಕದಲುವಂತಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು 737-800ರ ಆಟೋಥ್ರಾಟಲ್, ಎತ್ತರ ತೋರಿಸುವ ಆಲ್ಟಿಮೀಟರ್ ಕೆಟ್ಟಿದ್ದರೂ ಅದನ್ನೇ ನಂಬಿ ಲಿವರ್‌ಗಳನ್ನು ಐಡಲ್‌ಗೆ ತಂದಿತ್ತು. ಕಣ್ಣೆದುರೇ ಹಿಂದೆ ಬಂದರೂ ಹೊತ್ತಿಗೆ ಯಾರೂ ಗಮನಿಸಲಿಲ್ಲ. ಆದರೂ ಕೈಗೆ ಒಂದು ಸುಳಿವು ಇರಲಿ ಅನ್ನುವುದು ನನ್ನ ವಾದ.

ಇದು ಹೊಸ ಮಾತೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ಪೈಲಟ್‌ಗಳು ಇಳಿದ ಮೇಲೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರ ಎತ್ತಿಬಿಡುತ್ತಿದ್ದರು. ಎರಡರ ಸ್ವಿಚ್ಚೂ ಅಕ್ಕಪಕ್ಕ, ಒಂದೇ ಥರ. ಆಲ್ಫೊನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಒಂದಕ್ಕೆ ಪುಟ್ಟ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಡಿಸಿದರು. ನಾನು ಓಡಿಸಿದ ಮೂರರಲ್ಲೂ ಗೇರ್ ಲಿವರ್ ತುದಿಯಲ್ಲಿ ಆ ಚಕ್ರ ಇದೆ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತೆ.

ಎರಡನೇ ದೂರು ಸ್ಟಿಕ್‌ದು. ಎರಡು ಸ್ಟಿಕ್‌ಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ. ಪಕ್ಕದವನು ಎಳೆದರೆ ನನ್ನದು ಕದಲುವುದಿಲ್ಲ. ಒಂದು ರಾತ್ರಿ ಮಳೆಯಲ್ಲಿ ಇಳಿಯುವಾಗ ಪಕ್ಕದಲ್ಲಿದ್ದ ಹೊಸ ಹುಡುಗ ಮೂತಿ ಎತ್ತುವುದು ತಡಮಾಡಿದ ಅನ್ನಿಸಿತು. ನನಗೇ ಗೊತ್ತಿಲ್ಲದೆ ನನ್ನ ಎಡಗೈ ಎಳೆದುಬಿಟ್ಟಿದೆ. ಅದೇ ಗಳಿಗೆಗೆ ಅವನೂ ಎಳೆದ. ಕಂಪ್ಯೂಟರ್ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತೆ. "ಡ್ಯುಯಲ್ ಇನ್‌ಪುಟ್" ಅಂತ ದನಿ ಬಂತು, ವಿಮಾನ ರನ್‌ವೇ ಮೇಲೆ ತೇಲಿತು. ಆಗ ಸ್ಟಿಕ್ ಮೇಲಿನ ಕೆಂಪು ಗುಂಡಿ ಒತ್ತಿ, "ಐ ಹ್ಯಾವ್ ಕಂಟ್ರೋಲ್" ಅಂತ ಹೇಳಿ ಇಳಿಸಿದೆ. ತಪ್ಪು ನನ್ನದೇ. ಮೊದಲೇ ಗುಂಡಿ ಒತ್ತಿ ಕಂಟ್ರೋಲ್ ತೆಗೆದುಕೊಳ್ಳಬೇಕಿತ್ತು. ಆದರೆ 737ರಲ್ಲಾಗಿದ್ದರೆ ಅವನು ಎಳೆಯುತ್ತಿದ್ದಾನೆ ಅಂತ ಅಂಗೈಗೆ ಗೊತ್ತಾಗಿರುತ್ತಿತ್ತು.

ಅಂಕ ಬೇಕೇ ಬೇಕು ಅಂದರೆ ಎ320ಗೆ ಐದಕ್ಕೆ ನಾಲ್ಕೂವರೆ, ಎಟಿಆರ್‌ಗೆ ನಾಲ್ಕು, 737ಗೆ ಮೂರೂವರೆ. 737ರ ಹೊಸ ಮಾದರಿ ಮ್ಯಾಕ್ಸ್ ನಾನು ಓಡಿಸಿಲ್ಲ, ಅದರ ಸುದ್ದಿ ಬೇಡ. ಎ320 ಕಳೆದುಕೊಂಡ ಆ ಅರ್ಧ ಅಂಕ ಸ್ಟಿಕ್‌ಗೆ.

ಊರಿಗೆ ಹೋದಾಗ ಇದನ್ನೇ ಅಪ್ಪನಿಗೆ ಹೇಳಿದೆ. ಕಬ್ಬಿನ ಗಾಡಿ ಹೊಡೆದವರು ಅವರು. ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು.

"ಒಂದೇ ಗಾಡಿಗೆ ಇಬ್ರು ಹಗ್ಗ ಹಿಡ್ಕಂಡ್ರೆ ಅವ್ನು ಎತ್ಲಾಗೆ ಎಳೀತಾವ್ನೆ ಅಂತ ಇವ್ನಿಗೆ ಗೊತ್ತಾಗ್ಬ್ಯಾಡ್ವಾ?"

"ಗೊತ್ತಾಗೋ ಥರದ್ದೂ ಬಂದಿದೆ ಅಪ್ಪ. ಗಲ್ಫ್‌ಸ್ಟ್ರೀಮ್ ಜಿ500 ಅಂತ, ಸಾಹುಕಾರರ ವಿಮಾನ. ಅದರಲ್ಲಿ ಒಂದು ಸ್ಟಿಕ್ ಕದಲಿಸಿದರೆ ಇನ್ನೊಂದೂ ಕದಲುತ್ತೆ."

"ಹಂಗಾರೆ ನಿಮ್ದುಕ್ಕೂ ಅದ್ನೇ ಹಾಕುಸ್ಕಳಿ."

ನಾನು ಹಾಕಿಸಿಕೊಳ್ಳುವುದಾ! ಸೀಟಿನ ಬೆನ್ನು ನಿಲ್ಲಿಸಿಕೊಳ್ಳಲಾಗದೆ ದಿಂಬು ಹೊತ್ತವನು ಅಂತ ಅವರಿಗೆ ಹೇಳಲು ಹೋಗಲಿಲ್ಲ.