ದುರ್ಗದ ದಾರಿ ವಾಚಿಗೆ ಹಾಕೋಕೆ ಫೋನೋ, ಸಿಂಕೋ, ಕೇಬಲ್ಲೋ?

ಭಾನುವಾರ ಬೆಳಗ್ಗೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಸೈಕಲ್ ಹತ್ತುವ ನಮ್ಮ ನಾಲ್ಕೈದು ಜನರಿಗೆ ಜಗಳಕ್ಕೆ ರಾಜಕೀಯ ಬೇಕಿಲ್ಲ. ದಾರಿಯನ್ನು ವಾಚಿಗೆ ಹಾಕುವುದು ಹೇಗೆ ಅನ್ನುವ ಒಂದು ಮಾತು ಸಾಕು, ಎರಡನೇ ಕಾಫಿ ಮುಗಿದರೂ ಮುಗಿಯುವುದಿಲ್ಲ. ಕೊನೆಗೆ ನಾನೇ ಒಂದು ದಾರಿಯನ್ನು ಮೂರು ರೀತಿಯಲ್ಲಿ ಹಾಕಿ ಮೂರು ಭಾನುವಾರ ತುಳಿದು ನೋಡಿದೆ. ನಾಮದ ಚಿಲುಮೆ, ದೇವರಾಯನದುರ್ಗ, ಊರ್ಡಿಗೆರೆ, ಅಲ್ಲಿಂದ ಆದಷ್ಟೂ ಹೆದ್ದಾರಿ ಮುಟ್ಟದೆ ಹಳ್ಳಿ ರಸ್ತೆಗಳಲ್ಲೇ ವಾಪಸ್.

ವಾಚು ಗಾರ್ಮಿನ್ ಫೋರ್‌ರನ್ನರ್ 255. ಇದರಲ್ಲಿ ನಕ್ಷೆ ಇಲ್ಲ, ಅದು ಬೇಕಾದವರು 955ರಂಥ ಮಾದರಿ ಕೊಳ್ಳಬೇಕು. ಇದರ ಪರದೆಯಲ್ಲಿ ಕಾಣುವುದು ಒಂದು ಗೆರೆ, ಗೆರೆಯ ಮೇಲೆ ನಾವಿರುವ ಜಾಗಕ್ಕೆ ಒಂದು ಬಾಣ. ದಾರಿ ತಪ್ಪಿದರೆ ಕೈ ಮೇಲೆ ಗುರ್ ಅನ್ನುತ್ತದೆ. ಹಾಗಾಗಿ ಗೆರೆ ಎಲ್ಲಿಂದ ಬಂತು, ಹೇಗೆ ಬಂತು ಅನ್ನುವುದು ಇಂಥ ವಾಚಿನವರಿಗೆ ಬಹಳ ಮುಖ್ಯ. ನಕ್ಷೆ ಇದ್ದವರು ಗೆರೆ ಕೆಟ್ಟರೂ ಪಕ್ಕದ ರಸ್ತೆ ನೋಡಿ ಬಚಾವಾಗುತ್ತಾರೆ.

ಮೊದಲ ವಾರ ಫೋನು. ಗೆಳೆಯ ವಾಟ್ಸಾಪಿನಲ್ಲಿ ಜಿಪಿಎಕ್ಸ್ ಫೈಲ್, ಅಂದರೆ ದಾರಿಯನ್ನು ಬಿಂದುಬಿಂದುವಾಗಿ ಬರೆದಿಟ್ಟ ಫೈಲ್ ಕಳಿಸಿದ್ದ. ಅದನ್ನು ಗಾರ್ಮಿನ್ ಕನೆಕ್ಟ್ ಆ್ಯಪ್‌ನಲ್ಲಿ ತೆರೆದು, ಕೋರ್ಸ್ (ದಾರಿಗೆ ಗಾರ್ಮಿನ್ ಇಟ್ಟ ಹೆಸರು) ಅಂತ ಉಳಿಸಿ, ವಾಚಿಗೆ ಕಳಿಸು ಅಂದರೆ ಆಯಿತು. ಎಲ್ಲ ಸರಿ ಇದ್ದರೆ ಎರಡು ನಿಮಿಷದ ಕೆಲಸ. ನನಗೆ ಮಾತ್ರ ಹದಿನೈದು ನಿಮಿಷ ಹಿಡಿಯಿತು, ಯಾಕೆಂದರೆ ಡೌನ್‌ಲೋಡ್ ಆಗುವಾಗ ಫೈಲಿನ ಹೆಸರಿನ ಕೊನೆಗೆ ಎಕ್ಸ್‌ಎಂಎಲ್ ಅಂತ ಬಾಲ ಅಂಟಿಕೊಂಡಿತ್ತು. ಬಾಲ ಕತ್ತರಿಸಿದ ಮೇಲೆ ತೆರೆಯಿತು. ಕೋರಾಸ್, ಅಮೇಜ್‌ಫಿಟ್ ವಾಚು ಕಟ್ಟುವ ಗೆಳೆಯರದ್ದೂ ಹೆಚ್ಚುಕಡಿಮೆ ಇದೇ ಕಥೆ: ಫೈಲು ಅವರವರ ಆ್ಯಪ್‌ಗೆ, ಆ್ಯಪ್‌ನಿಂದ ಬ್ಲೂಟೂತ್‌ನಲ್ಲಿ ವಾಚಿಗೆ.

ಒಂದು ವಿಷಯ ಇಲ್ಲಿ ಗಮನಿಸಬೇಕು. ಗಾರ್ಮಿನ್‌ನಲ್ಲಿ ಕೋರ್ಸ್ ಮೊದಲು ನಮ್ಮ ಖಾತೆಗೆ ಹೋಗಿ ಕೂರುತ್ತದೆ, ಆಮೇಲೆ ವಾಚಿಗೆ ಬರುತ್ತದೆ. ಅಂದರೆ ಇಂಟರ್ನೆಟ್ ಬೇಕೇ ಬೇಕು. ಮನೆಯಲ್ಲಿ ವೈಫೈ ಕೆಳಗೆ ಕೂತು ಮಾಡಿದರೆ ತೊಂದರೆಯಿಲ್ಲ. ಬೆಟ್ಟದ ಬುಡದಲ್ಲಿ ಭೋಗ ನರಸಿಂಹನ ಗುಡಿ ಮುಂದೆ ನಿಂತು, ‘ಇವತ್ತು ಬೇರೆ ದಾರಿ ಹೋಗೋಣ’ ಅಂತ ಯಾರೋ ಹೇಳಿ, ಹೊಸ ಫೈಲ್ ಹಾಕಲು ಹೋದರೆ ನನ್ನ ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿಯೇ ಇರಲಿಲ್ಲ.

ಎರಡನೇ ವಾರ ತಾನಾಗಿ ಆಗುವ ಸಿಂಕ್. ಸ್ಟ್ರಾವಾ, ಕೊಮೂಟ್, ರೈಡ್ ವಿತ್ ಜಿಪಿಎಸ್ ಮುಂತಾದ ಪ್ಲಾನರ್ ಆ್ಯಪ್‌ಗಳಲ್ಲಿ ನಕ್ಷೆಯ ಮೇಲೆ ದಾರಿ ಎಳೆದು, ಒಂದು ಸಲ ಗಾರ್ಮಿನ್ ಖಾತೆ ಜೋಡಿಸಿಟ್ಟರೆ ಆಮೇಲೆ ಉಳಿಸಿದ ದಾರಿ ತಾನೇ ಬರುತ್ತದೆ. ಸ್ಟ್ರಾವಾದಲ್ಲಿ ದಾರಿ ಎಳೆಯುವುದು 2020ರಿಂದ ದುಡ್ಡು ಕೊಟ್ಟವರಿಗೆ ಮಾತ್ರ, ಅದು ನೆನಪಿರಲಿ. ಮಾಡಲು ಇಷ್ಟು ಸುಖವಾದ್ದು ಬೇರೆ ಇಲ್ಲ. ಎರಡು ಊರಿನ ಮೇಲೆ ಬೆರಳಿಟ್ಟರೆ ನಡುವಿನ ದಾರಿಯನ್ನು ಅದೇ ಹುಡುಕುತ್ತದೆ. ಏರಿನ ಚಿತ್ರವನ್ನೂ ತೋರಿಸುತ್ತದೆ.

ಆದರೆ ಆ ಹುಡುಕಾಟದಲ್ಲೇ ನನಗೆ ಏಟು ಬಿತ್ತು. ನಾನು ಬಳಸಿದ್ದು ಯಾವುದು ಅಂತ ಹೇಳುವುದಿಲ್ಲ, ತಪ್ಪಿನಲ್ಲಿ ನನ್ನದೂ ಪಾಲಿದೆ. ಊರ್ಡಿಗೆರೆ ದಾಟಿ ನಾಲ್ಕು ಕಿಲೋಮೀಟರ್ ಆದ ಮೇಲೆ ಗೆರೆ ಎಡಕ್ಕೆ ತಿರುಗಿತು, ನಾವೂ ತಿರುಗಿದೆವು. ಡಾಂಬರು ಹೋಗಿ ಮಣ್ಣಾಯಿತು, ಮಣ್ಣು ಹೋಗಿ ಗಾಡಿ ಜಾಡಾಯಿತು, ಜಾಡು ಹೋಗಿ ಅಡಿಕೆ ತೋಟದ ಮುಳ್ಳುಬೇಲಿ. ನಡುವೆ ನೀರಿನ ಪೈಪಿನ ಮೇಲೆ ಕೂತಿದ್ದ ಅಜ್ಜ ನಮ್ಮ ಹೆಲ್ಮೆಟ್ಟು, ಕನ್ನಡಕ ಎಲ್ಲ ನೋಡಿ, ‘ಈ ಕಡೀಕೆ ರಸ್ತೆ ಇಲ್ಲ ಕಣ್ರಪ್ಪಾ, ನಮ್ ತೋಟ ಐತೆ. ಯಾರು ಹೇಳಿದ್ದು ನಿಮ್ಗೆ?’ ಅಂದರು. ಕೈ ತೋರಿಸಿ ವಾಚು ಅನ್ನಲು ನಾಚಿಕೆಯಾಯಿತು.

ತಮಾಷೆ ಏನೆಂದರೆ ಹಿಂದಿನ ರಾತ್ರಿಯೇ ಆ ತಿರುವಿನ ಮೇಲೆ ನನಗೆ ಅನುಮಾನ ಬಂದು ಪ್ಲಾನರ್‌ನಲ್ಲಿ ಸರಿಮಾಡಿದ್ದೆ. ಆದರೆ ಮತ್ತೆ ವಾಚನ್ನು ಸಿಂಕ್ ಮಾಡಿರಲಿಲ್ಲ. ಕೈ ಮೇಲಿದ್ದದ್ದು ಹಳೇ ದಾರಿ. ಎರಡಕ್ಕೂ ಹೆಸರು ಒಂದೇ, ಗೊತ್ತಾಗುವುದು ಹೇಗೆ? ಈಗ ಹೆಸರಿನ ಮುಂದೆ ತಾರೀಖು ಹಾಕುತ್ತೇನೆ.

ಮೂರನೇ ವಾರ ಕೇಬಲ್. ಚಾರ್ಜ್ ಮಾಡುವ ಕೇಬಲ್ಲೇ ಸಾಕು. ಕಂಪ್ಯೂಟರಿಗೆ ಚುಚ್ಚಿದರೆ ವಾಚು ಪೆನ್‌ಡ್ರೈವ್ ಹಾಗೆ ತೆರೆದುಕೊಳ್ಳುತ್ತದೆ. ಗಾರ್ಮಿನ್ ಅನ್ನುವ ಫೋಲ್ಡರ್ ಒಳಗೆ ನ್ಯೂಫೈಲ್ಸ್ ಅನ್ನುವ ಫೋಲ್ಡರ್ ಇದೆ. ಅಲ್ಲಿ ಜಿಪಿಎಕ್ಸ್ ಹಾಕಿ ಕೇಬಲ್ ಕಿತ್ತರೆ ವಾಚು ತನ್ನ ಭಾಷೆಗೆ ಬದಲಿಸಿಕೊಂಡು ಕೋರ್ಸ್‌ಗಳ ಪಟ್ಟಿಗೆ ಸೇರಿಸುತ್ತದೆ. ಖಾತೆ ಬೇಡ, ಇಂಟರ್ನೆಟ್ ಬೇಡ. ಸಂಗೀತ ಇರುವ ಮಾದರಿಯನ್ನು ಮ್ಯಾಕ್ ಕಂಪ್ಯೂಟರಿಗೆ ಚುಚ್ಚಿದವರಿಗೆ ಮಾತ್ರ ಈ ಫೋಲ್ಡರ್ ನೇರವಾಗಿ ಕಾಣುವುದಿಲ್ಲ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ನನಗೆ ಕೇಬಲ್ ಹಿಡಿಸಲು ಇನ್ನೊಂದು ಕಾರಣ, ಅದರ ನೆಪದಲ್ಲಿ ಫೈಲಿನ ಒಳಗೆ ಇಣುಕಿ ನೋಡುವ ಅಭ್ಯಾಸವಾಯಿತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲು ಸಾಲು ಬಿಂದುಗಳು. ದುರ್ಗದ ಹತ್ತಿರದ ಸಾಲುಗಳಲ್ಲಿ ಅಕ್ಷಾಂಶ 13.37, ರೇಖಾಂಶ 77.2 ಅಂತ ಶುರುವಾಗುವ ಅಂಕಿಗಳು, ಜೊತೆಗೆ ಎತ್ತರ. ತುಮಕೂರಿನ 820 ಮೀಟರ್ ಆಸುಪಾಸಿನಿಂದ ಆ ಎತ್ತರ ಸಾವಿರದ ಮೇಲೆ ಹತ್ತುವುದನ್ನು ಅಂಕಿಗಳಲ್ಲೇ ಓದಬಹುದು. ಪ್ರತಿ ಬಿಂದುವಿಗೂ ಸಮಯ ಬರೆದಿದ್ದರೆ ಸಾಮಾನ್ಯವಾಗಿ ಅದು ಯಾರೋ ನಿಜವಾಗಿ ತುಳಿದ ದಾರಿ. ಸಮಯ ಇಲ್ಲದಿದ್ದರೆ ಬಹುಶಃ ಕುರ್ಚಿಯಲ್ಲಿ ಕೂತು ಎಳೆದದ್ದು. ಅಡಿಕೆ ತೋಟದ ನಂತರ ನಾನು ಮೊದಲು ಹುಡುಕುವುದು ಈ ಸಮಯವನ್ನೇ.

ಅದೇ ಫೈಲಿನಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಜಿಪಿಎಕ್ಸ್‌ನಲ್ಲಿ ಟ್ರ್ಯಾಕ್, ರೂಟ್ ಅಂತ ಎರಡು ಬಗೆ. ಟ್ರ್ಯಾಕ್ ಅಂದರೆ ಒತ್ತೊತ್ತಾಗಿ ಬಿಂದುಗಳು, ಸಾಧನ ಅದನ್ನು ಇದ್ದ ಹಾಗೇ ತೋರಿಸುತ್ತದೆ. ರೂಟ್ ಅಂದರೆ ದೂರದೂರಕ್ಕೆ ಕೆಲವೇ ಗುರುತುಗಳು, ನಡುವಿನ ದಾರಿಯನ್ನು ನಕ್ಷೆ ಇರುವ ಸಾಧನ ತನ್ನ ಬುದ್ಧಿಯಿಂದ ತುಂಬಿಕೊಳ್ಳುತ್ತದೆ. ನಮ್ಮ ಗುಂಪಿನ ಹಿರಿಯರೊಬ್ಬರು ಎರಡು ಪೆನ್ಸಿಲ್ ಸೆಲ್ ಹಾಕುವ ಹಳೇ ಇಟ್ರೆಕ್ಸ್, ಅಂದರೆ ಕೈಯಲ್ಲಿ ಹಿಡಿಯುವ ಗಾರ್ಮಿನ್ ಜಿಪಿಎಸ್ ಸಾಧನ ಇಟ್ಟುಕೊಂಡಿದ್ದಾರೆ. ಒಂದೇ ಊರಿನಿಂದ ಒಂದೇ ಊರಿಗೆ ನನ್ನ ವಾಚು ಒಂದು ದಾರಿ, ಅವರದು ಇನ್ನೊಂದು ದಾರಿ ತೋರಿಸಿದಾಗ ಅರ್ಧ ಗಂಟೆ ವಾದ ಮಾಡಿದೆವು. ನಾನು ಅವರಿಗೆ ಕೊಟ್ಟಿದ್ದು ರೂಟ್ ಬಗೆಯ ಫೈಲು ಅಂತ ಆಮೇಲೆ ತಿಳಿಯಿತು.

ಕೇಬಲ್ಲಿನ ಕೊರತೆಯನ್ನೂ ಹೇಳಬೇಕು. ಬರೀ ಟ್ರ್ಯಾಕ್ ಹಾಕಿದರೆ ‘ಮುಂದೆ ಬಲಕ್ಕೆ’ ಅನ್ನುವ ಸೂಚನೆ ಸಿಗುವುದಿಲ್ಲ, ಗೆರೆ ನೋಡುತ್ತಲೇ ಇರಬೇಕು. ಇಳಿಜಾರಿನಲ್ಲಿ ವಾಚು ನೋಡುವುದು ಒಳ್ಳೆಯದಲ್ಲ, ದುರ್ಗದ ತಿರುವುಗಳಲ್ಲಂತೂ ಮಂಗಗಳೂ ರಸ್ತೆಗೆ ಬರುತ್ತವೆ. ಸೂಚನೆ ಬೇಕಾದರೆ ಪ್ಲಾನರ್‌ನಿಂದ ಟಿಸಿಎಕ್ಸ್ ಬಗೆಯ ಫೈಲ್ ತೆಗೆದು ಗಾರ್ಮಿನ್ ಕನೆಕ್ಟ್‌ನ ವೆಬ್ ಪುಟದಲ್ಲಿ ಹಾಕಬೇಕು, ಅದರಲ್ಲಿ ಎಡ ಬಲದ ಗುರುತುಗಳನ್ನು ಇಡಲು ಜಾಗವಿದೆ. ಆದರೆ ಹಾಗೆ ಮಾಡಿದ ಮೇಲೆ ಖಾತೆ ಬೇಡ, ಇಂಟರ್ನೆಟ್ ಬೇಡ ಅನ್ನುವ ನನ್ನ ಜಂಬ ಅಲ್ಲಿಗೆ ಮುಗಿಯಿತು.

ಸದ್ಯಕ್ಕೆ ನಾನು ಮಾಡುವುದು ಹೀಗೆ. ಊರ ಸುತ್ತಲಿನ, ಗೊತ್ತಿರುವ ದಾರಿಗೆ ಫೋನು. ಹೊಸ ದಾರಿಯಾದರೆ ಪ್ಲಾನರ್‌ನಲ್ಲಿ ನೋಡಿ, ಯಾರಾದರೂ ತುಳಿದ ಟ್ರ್ಯಾಕ್ ಹುಡುಕಿ, ಶನಿವಾರ ರಾತ್ರಿ ಕೇಬಲ್ಲಿನಲ್ಲಿ ವಾಚಿಗೆ ಹಾಕುತ್ತೇನೆ. ಸಿಂಕ್ ಅನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಹೊರಡುವ ಮುಂಚೆ ಕ್ಯಾತ್ಸಂದ್ರದಲ್ಲಿ ಇಡ್ಲಿ ಬರುವಷ್ಟರಲ್ಲಿ ಕೋರ್ಸ್ ತೆರೆದು, ಹೆಸರಿನ ತಾರೀಖು ನೋಡಿ, ಊರ್ಡಿಗೆರೆ ಆಚೆಯ ಆ ಎಡ ತಿರುವು ಇಲ್ಲ ಅನ್ನುವುದನ್ನು ಒಂದು ಸಲ ಖಾತ್ರಿ ಮಾಡಿಕೊಳ್ಳುತ್ತೇನೆ.