ಪೇಪರಿನ ಕೋಡ್ ಮತ್ತೆ ಕಟ್ಟಿಸಿಕೊಳ್ಳುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ

ಎಂ.ಟೆಕ್, ಪಿಎಚ್.ಡಿ ಮಾಡುವವರು, ಗೈಡ್‌ಗಳು ದಯವಿಟ್ಟು ಪೂರ್ತಿ ಓದಿ. ಹಳೆಯ ಪೇಪರಿನ ಸಾಫ್ಟ್‌ವೇರ್ ಮತ್ತೆ ಕಟ್ಟಿ ಅದೇ ರಿಸಲ್ಟ್ ತೋರಿಸ್ತೀವಿ ಅನ್ನುವ ಬೆಳಗಾವಿಯ ಒಂದು ಪ್ರಾಜೆಕ್ಟ್ ಸೆಂಟರ್ ನಮ್ಮ ಲ್ಯಾಬಿಗೆ ಟೋಪಿ ಹಾಕಿದೆ. ಹೆಸರು ಬರೆಯುವುದಿಲ್ಲ, ಮೋಸ ನಡೆದ ಬಗೆ ಬರೆಯುತ್ತೇನೆ.

ದ್ರಾಕ್ಷಿ ಎಲೆಯ ಫೋಟೋದಿಂದ ರೋಗ ಗುರುತಿಸುವ ಒಂದು ಪೇಪರ್. ವಿಜಯಪುರದ ತೋಟಗಳ ಫೋಟೋ ಮೇಲೆ ಕಟ್ಟಿದ ನಮ್ಮ ಮಾಡೆಲನ್ನು ಅದರ ಜೊತೆ ಹೋಲಿಸಬೇಕಿತ್ತು. ಪೇಪರಿನಲ್ಲಿ ‘ಕೇಳಿದವರಿಗೆ ಕೋಡ್ ಕೊಡುತ್ತೇವೆ’ ಅಂತಿದೆ. ಕೇಳಿದರೆ ಉತ್ತರ ಇಲ್ಲ. ಹಾಗಾಗಿ ಸೆಂಟರಿಗೆ ಅರ್ಧ ಅಡ್ವಾನ್ಸ್, ಡೆಮೊ ಆದ ಮೇಲೆ ಉಳಿದದ್ದು. ಡೆಮೊ ಅವರ ಲ್ಯಾಪ್‌ಟಾಪಿನಲ್ಲೇ ಆಯಿತು, ನಿಖರತೆ ಶೇ. 98.6 ಬಂತು, ದುಡ್ಡು ಪೂರ್ತಿ ಹೋಯಿತು.

ಜಿಪ್ ಬಿಚ್ಚಿದಾಗ ಮುಖ್ಯ ಫೈಲಿನ ಸೋರ್ಸೇ ಇಲ್ಲ, ಓದಲಾಗದ ರೂಪಕ್ಕೆ ಕಂಪೈಲ್ ಮಾಡಿದ ಪಿವೈಸಿ ಫೈಲ್ ಮಾತ್ರ. ಪಿವೈಸಿ ಅದನ್ನು ಕಂಪೈಲ್ ಮಾಡಿದ ಪೈಥಾನ್ ಆವೃತ್ತಿಯಲ್ಲೇ ಓಡುತ್ತದೆ, ಬೇರೆಯದರಲ್ಲಿ ‘ಬ್ಯಾಡ್ ಮ್ಯಾಜಿಕ್ ನಂಬರ್’ ಅಂತ ನಿಲ್ಲುತ್ತದೆ. ಇವರದು 3.6. ಅದಕ್ಕೆ 2021ರ ಡಿಸೆಂಬರಿನಲ್ಲೇ ಬೆಂಬಲ ಮುಗಿದಿದೆ. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ, ಅಂದರೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ, ಮಾಡೆಲ್ ಓಡಿಸುವ ಟೆನ್ಸರ್‌ಫ್ಲೋ 1.15 ಬಿಟ್ಟರೆ ಯಾವುದಕ್ಕೂ ಆವೃತ್ತಿ ನಂಬರ್ ಇಲ್ಲ. ನಂಬರ್ ಇಲ್ಲದಿದ್ದರೆ ಲೈಬ್ರರಿ ಇಳಿಸುವ ಪಿಪ್, ಮಾಡೆಲ್ ಫೈಲ್ ಓದುವ ಎಚ್5ಪೈ ಲೈಬ್ರರಿಯ ಹೊಸ ಆವೃತ್ತಿ 3 ತಂದು ಕೂರಿಸುತ್ತದೆ, ಹಳೆಯ ಕೆರಾಸ್ ಮಾಡೆಲಿನ ತೂಕದ (ವೇಯ್ಟ್ಸ್) ಫೈಲ್ ಓದುವಾಗ ‘ಡಿಕೋಡ್ ಇಲ್ಲ’ ಅಂತ ಬೀಳುತ್ತದೆ. 2.10ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಟೆನ್ಸರ್‌ಫ್ಲೋ 1.15 ಕೇಳುವುದು CUDA 10.0, ಅಂದರೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಮೇಲೆ ಲೆಕ್ಕ ಓಡಿಸುವ ಸಾಫ್ಟ್‌ವೇರ್. ನಮ್ಮ ಆರ್‌ಟಿಎಕ್ಸ್ 3060 ಕಾರ್ಡಿಗೆ CUDA 11ರ ಸರಣಿಯಾದರೂ ಬೇಕು. ಎನ್ವಿಡಿಯಾ ತಾನೇ ಕಟ್ಟಿದ 1.15 ಬೇರೆ ಇದೆ, ಇಲ್ಲವೇ ಸಿಪಿಯು ಮೇಲೆ ಓಡಿಸಬೇಕು. ಇದೊಂದನ್ನೂ ಅವರು ಹೇಳಲಿಲ್ಲ. ಕೇಳಿದರೆ ಒಂದೇ ಮಾತು: “ನಮ್ಮ ಕಡೆ ಓಡ್ತೈತ್ರೀ ಸರ್. ನಿಮ್ಮ ಮಷೀನ್‌ದಾಗ ಏನೋ ತ್ರಾಸ ಐತಿ.”

ಕೊನೆಗೆ ಸಿಪಿಯು ಮೇಲೆ ಓಡಿತು. 98.6. ಟ್ರೇನಿಂಗಿನ ರ‍್ಯಾಂಡಮ್ ಆಯ್ಕೆಗಳನ್ನು ಶುರು ಮಾಡುವ ಅಂಕಿ, ಅಂದರೆ ಸೀಡ್, ಬದಲಿಸಿ ಮತ್ತೆ ಟ್ರೇನ್ ಮಾಡಿದರೂ 98.6. ಸೀಡ್ ಬದಲಾದರೆ ಕೊನೆಯ ಅಂಕಿಯಾದರೂ ಅಲುಗಾಡಬೇಕು. ಅಲುಗಾಡಲೇ ಇಲ್ಲ. ಟೆಸ್ಟ್ ಫೋಲ್ಡರಿನ ಎಲೆ ಫೋಟೋ ಎಲ್ಲ ತೆಗೆದು ಬರೀ ಕಪ್ಪು ಚಿತ್ರ ತುಂಬಿದೆವು.

98.6!

ಕಪ್ಪು ಚಿತ್ರಕ್ಕೆ 98.6. ಸಂಶೋಧನೆ ಅಂತ ಇದನ್ನೇ ಪ್ರಬಂಧದಲ್ಲಿ ಹಾಕಿಬಿಟ್ಟಿದ್ದರೆ ನಮ್ಮ ಲ್ಯಾಬಿನಲ್ಲಿ ಇದರ ಮೇಲೆ ಕೆಲಸ ಮಾಡುವ ಹುಡುಗಿಯ ಪಿಎಚ್.ಡಿ ಗತಿ ಏನಾಗುತ್ತಿತ್ತು?

ಗ್ರಾಫ್ ಬಿಡಿಸುವ ಫೈಲ್ ಮಾತ್ರ ತೆರೆದಿತ್ತು. ಅದರೊಳಗೆ ಕೈಯಿಂದ ಟೈಪ್ ಮಾಡಿದ 25 ಅಂಕಿ, ಪೇಪರಿನ ಕನ್ಫ್ಯೂಷನ್ ಮ್ಯಾಟ್ರಿಕ್ಸಿನಿಂದ, ಅಂದರೆ ಯಾವ ರೋಗವನ್ನು ಮಾಡೆಲ್ ಯಾವುದೆಂದು ಗುರುತಿಸಿತು ಅನ್ನುವ ಕೋಷ್ಟಕದಿಂದ ಎತ್ತಿದ್ದು. ಐದು ಸಾಲು, ಐದು ಕಾಲಮ್, ಅದರಲ್ಲಿ ಒಂದು ಡೌನಿ ಅನ್ನುವ ಬೂಷ್ಟು ರೋಗಕ್ಕೆ. ಜಿಪ್‌ನಲ್ಲಿ ಕೊಟ್ಟ ಡೇಟಾ ಮಾತ್ರ ಪ್ಲಾಂಟ್‌ವಿಲೇಜ್, ಎಲೆ ರೋಗದ ಫೋಟೋಗಳ ಒಂದು ಸಾರ್ವಜನಿಕ ಸಂಗ್ರಹ. ಅದರಲ್ಲಿ ದ್ರಾಕ್ಷಿಗೆ ಇರುವುದು ನಾಲ್ಕೇ ವರ್ಗ: ಬ್ಲ್ಯಾಕ್ ರಾಟ್, ಎಸ್ಕಾ, ಲೀಫ್ ಬ್ಲೈಟ್, ಆರೋಗ್ಯವಾದ ಎಲೆ. ಡೌನಿಯ ಒಂದು ಫೋಟೋನೂ ಇಲ್ಲದೆ ಡೌನಿಗೆ ರಿಸಲ್ಟ್ ಎಲ್ಲಿಂದ ಬಂತು? ವಿಜಯಪುರದ ಬೆಳೆಗಾರರು ಡೌನಿಗೆ ಎಷ್ಟು ಅಂಜುತ್ತಾರೆ ಅಂತ ಇವರಿಗೆ ಗೊತ್ತಿದೆಯೇ?

ಇಷ್ಟೂ ಮುಂದಿಟ್ಟು ಕೇಳಿದಾಗ ಬಂದ ಉತ್ತರ: “ಅದನ್ನ ಬರದ ಹುಡುಗ ಪುಣೆಕ್ಕ ಹೋಗ್ಯಾನ್ರೀ.” ಸೋರ್ಸ್ ಕೊಡಿ ಅಂದರೆ “ಸೋರ್ಸ್‌ಗೆ ಬ್ಯಾರೆ ಚಾರ್ಜ್ ಐತ್ರೀ.” ದುಡ್ಡು ವಾಪಸ್ ಕೇಳಿದರೆ “ಡೆಮೊ ನೋಡಿ ನೀವಽ ಓಕೆ ಅಂದೀರಲ್ಲ ಸರ್, ಯಾರ ಕೋಡ್ ತಗೊಂಡ್ರೂ ಹಿಂಗಽ ಇರ್ತೈತಿ.”

ಹಿಂಗೇ ಇರುವುದಿಲ್ಲ. ಕೆಲಸ ಕಷ್ಟ, ಒಪ್ಪುತ್ತೇನೆ. ಅರಿಜೋನಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಡ್ ಆಧರಿಸಿದ 402 ಪೇಪರ್‌ಗಳ ಪೈಕಿ 30 ನಿಮಿಷದೊಳಗೆ ಕೋಡ್ ಬಿಲ್ಡ್ ಆದದ್ದು (ಓಡಿಸಲು ಸಿದ್ಧವಾದದ್ದು) ಶೇ. 32.3ಕ್ಕೆ ಮಾತ್ರ. ಬಿಲ್ಡ್ ಆಗಲಿಲ್ಲ, ಪೇಪರಿನ ಅಂಕಿ ಬರಲಿಲ್ಲ ಅಂತ ಹೇಳಿದ್ದರೆ ದುಡ್ಡು ಹೋದರೂ ಬೇಸರ ಇರುತ್ತಿರಲಿಲ್ಲ. ಬರಲಿಲ್ಲ ಅನ್ನುವುದೂ ಒಂದು ರಿಸಲ್ಟ್. ಇವರು ಅಂಕಿ ಟೈಪ್ ಮಾಡಿದರು.

ನೀವು ಇಂಥ ಕೆಲಸ ಕೊಡುವುದಾದರೆ ಡೆಮೊ ನಿಮ್ಮ ಮಷೀನಿನ ಮೇಲೇ ಆಗಲಿ, ಏನೂ ಇನ್‌ಸ್ಟಾಲ್ ಆಗದ ಹೊಸ ಯೂಸರ್‌ನಲ್ಲಿ, ಶುರುವಿನಿಂದ. ಪೂರ್ತಿ ಸೋರ್ಸ್, ಕೋಡ್ ಹೇಗೆ ಬದಲಾಗುತ್ತ ಬಂತು ಅನ್ನುವ ಗಿಟ್ ಹಿಸ್ಟರಿ ಸಮೇತ. ಪ್ರತಿ ಲೈಬ್ರರಿಗೂ ಆವೃತ್ತಿ ನಂಬರ್. ಕೋಡ್, ಲೈಬ್ರರಿ ಎಲ್ಲ ಒಟ್ಟಿಗೆ ಕಟ್ಟಿದ ಡಾಕರ್ ಇಮೇಜ್ ಕೊಟ್ಟರೆ ‘ಲೇಟೆಸ್ಟ್’ ಟ್ಯಾಗ್ ಒಪ್ಪಬೇಡಿ, ಅದು ನಾಳೆ ಬೇರೆ ಇಮೇಜಿಗೆ ತಿರುಗಬಹುದು. ಆ ಇಮೇಜಿನ ಬೆರಳಚ್ಚಿನಂಥ ಶಾ256 ಡೈಜೆಸ್ಟ್ ಬರೆಸಿಕೊಳ್ಳಿ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಆ ಕೋಡನ್ನು ನಿಮ್ಮ ಪೇಪರ್ ಜೊತೆ ಹಂಚುವ ಹಕ್ಕೂ ನಿಮಗಿಲ್ಲ. ಮತ್ತೆ, ಕಪ್ಪು ಚಿತ್ರದ ಪರೀಕ್ಷೆ ಅವರ ಎದುರಿಗೇ ಮಾಡಿ, ಉಳಿದರ್ಧ ದುಡ್ಡು ನಿಮ್ಮ ಕೈಯಲ್ಲೇ ಇರುವಾಗ.

ಪೇಪರ್ ಬರೆಯುವವರಿಗೂ ಒಂದು ಮಾತು. ‘ಕೇಳಿದರೆ ಕೊಡುತ್ತೇವೆ’ ಅಂತ ಬರೆದು ಸುಮ್ಮನಿರಬೇಡಿ. ಸಂಶೋಧನೆಯ ಕೋಡ್, ಡೇಟಾ ಇಡುವ ಜೆನೋಡೋ ತಾಣದಲ್ಲಿ ಪುಕ್ಕಟೆ ಹಾಕಿದರೆ ಡಿಓಐ, ಅಂದರೆ ಬದಲಾಗದ ಗುರುತಿನ ನಂಬರ್, ಸಿಗುತ್ತದೆ. ನೀವು ಹಾಕಿದ್ದರೆ ನಾವು ಆ ಸೆಂಟರಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.