ಇಳಿಜಾರಿನ ಲೆಕ್ಕಕ್ಕೆ ಕ್ಯೂಜಿಐಎಸ್ ಮೆನು ಸಾಕೇ, ಜಿಡಾಲ್ ಕಮಾಂಡ್ ಬೇಕೇ?

ಮಳೆಗಾಲದಲ್ಲಿ ಘಾಟಿ ರಸ್ತೆಗಳ ಧರೆ ಕುಸಿಯುವ ನಮ್ಮ ಮಲೆನಾಡಿನಲ್ಲಿ ಭೂಗೋಳ ಅಥವಾ ಪರಿಸರ ವಿಜ್ಞಾನ ಓದುವವರಿಗೆ ಇಳಿಜಾರಿನ ನಕ್ಷೆ ಒಂದಲ್ಲ ಒಂದು ಹಂತದಲ್ಲಿ ಬೇಕಾಗುತ್ತದೆ. ಅದಕ್ಕೆ ಕಾಸು ಕೊಡದೆ ಸಿಗುವ ಸಾಧನಗಳಲ್ಲಿ ಮುಖ್ಯವಾದವು ಎರಡು: ಮೌಸ್‌ನಿಂದ ನಡೆಸುವ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್ ಮತ್ತು ಕಮಾಂಡ್, ಅಂದರೆ ಆಜ್ಞೆಯ ಸಾಲು, ಬರೆದು ನಡೆಸುವ ಜಿಡಾಲ್. ಇವೆರಡನ್ನೂ ಎದುರಾಳಿಗಳೆಂದು ಭಾವಿಸುವವರಿದ್ದಾರೆ. ಆದರೆ ಕ್ಯೂಜಿಐಎಸ್‌ನ ರಾಸ್ಟರ್ (ಪುಟ್ಟ ಚೌಕಗಳಿಂದಾದ ನಕ್ಷೆ) ಮೆನುವಿನಲ್ಲಿರುವ ಹೆಚ್ಚಿನ ಕೆಲಸಗಳನ್ನು ಒಳಗಿನಿಂದ ಮಾಡುವುದು ಜಿಡಾಲೇ.

ಶರಾವತಿಯ ಮೇಲ್ಭಾಗದ ಜಲಾನಯನ ಪ್ರದೇಶವನ್ನೇ ತೆಗೆದುಕೊಳ್ಳೋಣ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವು ಒಂದೊಂದು ಡಿಗ್ರಿಯ ಚೌಕಗಳಾಗಿ ದೊರೆಯುತ್ತದೆ. 14 ಡಿಗ್ರಿ ಅಕ್ಷಾಂಶವೂ 75 ಡಿಗ್ರಿ ರೇಖಾಂಶವೂ ಈ ಪ್ರದೇಶದೊಳಗೇ ಹಾದುಹೋಗುವುದರಿಂದ ನಾಲ್ಕು ಚೌಕಗಳನ್ನು ಜೋಡಿಸದೆ ವಿಧಿಯಿಲ್ಲ. ಜೋಡಿಸಿದ ಕೂಡಲೇ ಇಳಿಜಾರು ಲೆಕ್ಕ ಹಾಕುವ ಸ್ಲೋಪ್ ಒತ್ತಿದರೆ, ಜಿಡಾಲ್‌ನ ಹಳೆಯ ಆವೃತ್ತಿಗಳಲ್ಲಿ ಗದ್ದೆಬಯಲೂ ಸೇರಿದಂತೆ ಇಡೀ ಸೀಮೆ 90 ಡಿಗ್ರಿಯ ಆಸುಪಾಸಿನ ಕಡಿದಾದ ಗೋಡೆಯಾಗಿ ಕಾಣುತ್ತದೆ! ಎತ್ತರ ಮೀಟರಿನಲ್ಲಿದ್ದು, ಅಡ್ಡ ದೂರ ಡಿಗ್ರಿಯಲ್ಲಿರುವುದೇ ಇದಕ್ಕೆ ಕಾರಣ. ಮೊದಲು ಇಪಿಎಸ್‌ಜಿ 32643, ಅಂದರೆ ಅಡ್ಡ ದೂರವನ್ನೂ ಮೀಟರಿನಲ್ಲೇ ಹೇಳುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ ಪರಿವರ್ತಿಸಬೇಕು. ಪರಿವರ್ತಿಸುವಾಗ ತಾನಾಗಿ ಆಯ್ಕೆಯಾಗಿರುವ ‘ನಿಯರೆಸ್ಟ್ ನೇಬರ್’ (ಹತ್ತಿರದ ಒಂದೇ ಚೌಕದ ಎತ್ತರ ತೆಗೆದುಕೊಳ್ಳುವ ವಿಧಾನ) ಬಿಟ್ಟು ‘ಬೈಲೀನಿಯರ್’ (ಸುತ್ತಲಿನ ನಾಲ್ಕು ಚೌಕಗಳ ಎತ್ತರ ಬೆರೆಸುವ ವಿಧಾನ) ಆರಿಸದಿದ್ದರೆ ನಕ್ಷೆಯ ಮೇಲೆ ಗೆರೆಗೆರೆಯಾಗಿ ಕೃತಕ ಪಟ್ಟಿಗಳು ಮೂಡುತ್ತವೆ.

ಕಮಾಂಡ್ ಲೈನಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಜೋಡಣೆ, ಪರಿವರ್ತನೆ, ಇಳಿಜಾರು ಮೂರಕ್ಕೂ ಸೇರಿ ಮೂರೇ ಸಾಲು. ಯಾವ ವಲಯ, ಯಾವ ವಿಧಾನ ಎಂಬುದೆಲ್ಲ ಆ ಸಾಲುಗಳಲ್ಲೇ ಉಳಿಯುವುದರಿಂದ ಆರು ತಿಂಗಳ ನಂತರ ಮಾರ್ಗದರ್ಶಕರು ಕೇಳಿದರೂ ತಡವರಿಸಬೇಕಿಲ್ಲ. ತುಂಗೆಯ ಕಣಿವೆಗೂ ಅದನ್ನೇ ಮಾಡಬೇಕಾದರೆ ಕಡತಗಳ ಹೆಸರು ಬದಲಿಸಿದರಾಯಿತು. ಮೌಸ್ ಒತ್ತಿದ್ದಕ್ಕೆ ಅಂತಹ ಗುರುತು ಸುಲಭವಾಗಿ ಉಳಿಯದು, ಕ್ಯೂಜಿಐಎಸ್‌ನ ಹಿಸ್ಟರಿಯಲ್ಲಿ ಹುಡುಕಬಹುದಾದರೂ.

ಹಾಗೆಂದು ಮೆನುವನ್ನು ಹಗುರವಾಗಿ ಕಾಣಲಾಗದು. ಲಿಂಗನಮಕ್ಕಿಯ ಹಿನ್ನೀರು ಈ ದತ್ತಾಂಶದಲ್ಲಿ ಚಪ್ಪಟೆ ಹಾಳೆಯಂತಿದೆ. ಅದನ್ನು ಹೊರಗಿಡದೆ ಸರಾಸರಿ ತೆಗೆದರೆ ಗುಡ್ಡಗಳ ಇಳಿಜಾರು ಇರುವುದಕ್ಕಿಂತ ಕಡಿಮೆ ಎಂದು ಬರುತ್ತದೆ. ಕಮಾಂಡ್ ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ, ನಕ್ಷೆಯನ್ನು ಪರದೆಯ ಮೇಲೆ ಹರಡಿದಾಗಲೇ ಅದು ಕಣ್ಣಿಗೆ ಬೀಳುವುದು. (ದಟ್ಟ ಕಾಡಿರುವಲ್ಲಿ ರೇಡಾರ್ ಅಳೆದದ್ದು ನೆಲವನ್ನಲ್ಲ, ಬಹುಮಟ್ಟಿಗೆ ಮರಗಳ ತಲೆಯನ್ನು ಎಂಬ ತೊಡಕನ್ನು ಇವೆರಡರಲ್ಲಿ ಯಾವುದೂ ಪರಿಹರಿಸದು.)

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕ್ಯೂಜಿಐಎಸ್‌ನ ಜಿಡಾಲ್ ಸಾಧನಗಳ ವಿಂಡೋದ ತಳದಲ್ಲಿರುವ ಪುಟ್ಟ ಚೌಕ. ಮೇಲೆ ಆಯ್ಕೆಗಳನ್ನು ಬದಲಿಸಿದಂತೆಲ್ಲ ಅದಕ್ಕೆ ಸಮನಾದ ಕಮಾಂಡ್ ಅಲ್ಲಿ ತಾನಾಗಿ ಬರೆಯಲ್ಪಡುತ್ತದೆ. ಕಲಿಯುವವರು ಮೊದಲ ಬಾರಿ ಮೆನುವಿನಿಂದ ಕೆಲಸ ಮಾಡಿ, ಆ ಸಾಲನ್ನು ನಕಲಿಸಿ ಒಂದು ಪಠ್ಯ ಕಡತದಲ್ಲಿ ಇಟ್ಟುಕೊಂಡು, ಎರಡನೆಯ ಬಾರಿಯಿಂದ ಅದನ್ನೇ ನಡೆಸಬಹುದು. ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ಜೊತೆಗೇ ಬರುವ ಓಎಸ್‌ಜಿಯೋ4ಡಬ್ಲ್ಯೂ ಶೆಲ್ (ಕಮಾಂಡ್ ಬರೆದು ನಡೆಸುವ ವಿಂಡೋ) ಇದಕ್ಕೆ ಸಾಕು. ಒಂದೇ ನಕ್ಷೆ ಬೇಕಾದವರಿಗೆ ಮೆನುವೇ ಸರಿ. ಪ್ರಬಂಧಕ್ಕೆ ಸೇರುವ ಲೆಕ್ಕವಾದರೆ ಆ ಪಠ್ಯ ಕಡತವನ್ನೂ ಅನುಬಂಧದಲ್ಲಿ ಕೊಡುವುದು ಒಳ್ಳೆಯದು.